ಬ್ಯಾಂಡಿನ ಎದುರು ಹುಣಸೆಕಾಯಿ

ಇದನ್ನು ಹೇಳಲು ಬಹಳ ತಡಮಾಡಿದೆ. ಸೊಸೆ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಿಕ್ಕುವಾಗ ಆ ಮಧ್ಯಾಹ್ನ ನೆನಪಾಗುತ್ತದೆ.

ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯ ಕೂಲಿಗಳಿಗೆ ಬ್ರಿಟಿಷರ ಕಾಲದಲ್ಲಿ ಇಂಗ್ಲೆಂಡಿನ ಮಾಸ್ತರರೊಬ್ಬರು ಬ್ಯಾಂಡ್ ಕಲಿಸಿದ್ದರು. ಅದನ್ನು ಉಳಿಸಬೇಕೋ ಬೇಡವೋ ಎಂದು ಪರೀಕ್ಷಿಸಲು ಅಂದು ರೈಲ್ವೆಯ ದೊಡ್ಡ ಸಾಹೇಬರು ಬಂದಿದ್ದರು. ಪರಂಗಿ ಬ್ಯಾಂಡ್ ನಿಲ್ಲಿಸಲೆಂದು ನಾವು ಹುಡುಗರು ಎದುರು ನಿಂತು ಹುಣಸೆಕಾಯಿ ಚೀಪಿದೆವು. ಊದುವವರ ಬಾಯಲ್ಲಿ ನೀರೂರಿ ತುತ್ತೂರಿಗಳು ಒಂದೊಂದಾಗಿ ನಿಂತವು. ಮಾಸ್ತರರು ಮಾತ್ರ ತಾಳ ತೋರಿಸುವ ಕೋಲು ಇಳಿಸಲಿಲ್ಲ. ಬರೀ ಡೋಲಿನ ಸದ್ದಿಗೇ ಕೊನೆಯವರೆಗೂ ಕೈ ಬೀಸಿದರು. ಸಾಹೇಬರು ನಕ್ಕು ಎದ್ದುಹೋದರು.

"ಬ್ರಿಟಿಷರ ಬ್ಯಾಂಡ್ ಬಂದ್ ಮಾಡಿದ್ವಿ, ಕಾಕಾ" ಎಂದೆ, ತುತ್ತೂರಿ ಊದುವ ಇಮಾಮ್‌ಸಾಬನಿಗೆ.

"ಅದು ನಮ್ಮದಿತ್ತಲೇ. ಕೂಲಿ ಮಂದಿಗಿ ಊದಾಕ ಬರಂಗಿಲ್ಲ ಅಂದಿದ್ರು ಆ ಸಾಹೇಬ್ರು. ಬರ್ತೈತಿ ಅಂತ ಅವರೆದುರು ನಿಂತಾಂವ ಈ ಮಾಸ್ತರ ಒಬ್ಬನ."

ಬ್ಯಾಂಡ್ ಮುಚ್ಚಿತು, ಮಾಸ್ತರರು ಊರು ಬಿಟ್ಟರು. ತಪ್ಪಾಯಿತೆಂದು ಅವರಿಗೆ ನಾನು ಎಂದೂ ಹೇಳಲಿಲ್ಲ. ಅವರ ಹೆಸರು ಬೆನೆಟ್ ಮಾಸ್ತರ.