ಹೆಲ್ಮೆಟ್ ಸಮೇತ ಮಾರಾಟಕ್ಕಿದೆ

ನನ್ನ ಸ್ಪೋರ್ಟ್ಸ್ ಬೈಕಿಗೆ ಹೊಸ ಸೈಲೆನ್ಸರ್ ಹಾಕಿಸಿದ ದಿನದಿಂದ ಮಾತು ಬಿಟ್ಟಿದ್ದ ಮೇಲಿನ ಮನೆ ಮೇಷ್ಟ್ರು, ಅದನ್ನು ಮಾರಾಟಕ್ಕಿಟ್ಟ ದಿನ ತಾವೇ ಕೆಳಗಿಳಿದು ಬಂದರು.

“ಎಷ್ಟು ಹೇಳ್ತೀಯ?”

ಹೇಳಿದೆ. ಚೌಕಾಸಿ ಮಾಡದೆ ಒಪ್ಪಿಕೊಂಡರು. ಎಪ್ಪತ್ತು ದಾಟಿದವರು. ಸೈಕಲ್ ಹತ್ತಿದ್ದನ್ನೂ ನಾನು ನೋಡಿರಲಿಲ್ಲ.

“ನೀವು ಓಡಿಸ್ತೀರಾ ಸಾರ್?”

“ಯಾರೂ ಓಡಿಸಬಾರದು ಅಂತಲೇ ತಗೋತಿರೋದು. ಬೆಳಗಿನ ಜಾವ ನೀನು ಇದನ್ನ ಸ್ಟಾರ್ಟ್ ಮಾಡಿದ್ರೆ ನಮ್ಮ ಅಡುಗೆಮನೆಯ ಲೋಟ ಎಲ್ಲ ಕೆಳಗೆ ಬೀಳ್ತವೆ.”

ನಾಚಿಕೆಯಾಯಿತು. ಜಾಕೆಟ್, ಗ್ಲೌಸ್, ಹೆಲ್ಮೆಟ್ ತಂದು ಸೀಟಿನ ಮೇಲಿಟ್ಟು, “ಇವೂ ಬೈಕಿನ ಜೊತೆಗೇ ಸಾರ್” ಎಂದೆ.

ಮೇಷ್ಟ್ರು ಚೆಕ್ ಬುಕ್ ತೆಗೆದರು. “ಅಲ್ಲ, ಇಷ್ಟೆಲ್ಲ ಖರ್ಚು ಮಾಡಿ ಈಗ ಯಾಕೆ ಮಾರ್ತಿದ್ದೀಯ?”

“ದೊಡ್ಡದು ಬುಕ್ ಮಾಡಿದೀನಿ ಸಾರ್. ಸೌಂಡು ಇದರ ಎರಡರಷ್ಟು.”

ಚೆಕ್ ಬುಕ್ ಮತ್ತೆ ಜೇಬಿಗೆ ಹೋಯಿತು. ಮೇಷ್ಟ್ರು ಹೆಲ್ಮೆಟ್ ಎತ್ತಿ ತಲೆಗೆ ಹಾಕಿಕೊಂಡು, ಪಟ್ಟಿ ಬಿಗಿದು, ಗಾಜು ಇಳಿಸಿ ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ಗಾಜು ಎತ್ತಿದರು.

“ಬೈಕ್ ನೀನೇ ಇಟ್ಕೊ. ಇಂಥದ್ದು ಇನ್ನೊಂದಿದ್ಯಾ? ನಮ್ಮ ಮನೆಯವಳೂ ಮಲಗ್ಬೇಕು.”