ನಗೂದು ನಮ್ಮದು

ಸಾವಂತ್ರಿಯ ಎದೆಯಲ್ಲಿದ್ದುದು ದಾನವಾಗಿ ಬಂದ ಯಂತ್ರದ ಹೃದಯ. ವರ್ಷಕ್ಕೊಮ್ಮೆ ದಾನಿಗಳು ಅವಳ ವಿಡಿಯೊ ನೋಡಿ ಮರುಗಿದರೆ ಮಾತ್ರ ಅದು ಮುಂದಿನ ವರ್ಷವೂ ಬಡಿಯುವುದು. ಮೊದಲ ವರ್ಷ ಮುಗಿಯಲು ಎರಡೇ ದಿನ ಉಳಿದಿದ್ದವು. ಎದೆಯ ಮೇಲಿನ ದೀಪ ಕೆಂಪಾಗಿತ್ತು.

ಡಾಕ್ಟರ ಮುಂದೆ ಹಳೆ ಬಟ್ಟೆಯಲ್ಲಿ ನಿಲ್ಲಬಾರದೆಂದು ತಾಯಿ ನಿಂಗವ್ವ ಮಗಳಿಗೆ ತಾನೇ ಹೊಲಿದ ಹೊಸ ಫ್ರಾಕು ತೊಡಿಸಿ, ಎಣ್ಣೆ ಹಚ್ಚಿ ಹೆರಳು ಹಾಕಿ ಆಸ್ಪತ್ರೆಯ ಶಿಬಿರಕ್ಕೆ ಕರೆತಂದಿದ್ದಳು.

ಕ್ಯಾಮೆರಾದ ಮೇಡಂ ತಲೆಯಾಡಿಸಿದರು. “ಏನಮ್ಮಾ, ಮದುವೆಗೆ ಬಂದ ಹಾಗೆ ಬಂದಿದ್ದೀರಿ! ಇದನ್ನ ನೋಡಿ ಯಾರು ಮರುಗ್ತಾರೆ? ಹಳೇದು ತಂದಿಲ್ವಾ?”

“ಊರಾಗ ಐತ್ರಿ.”

“ಶಿಬಿರ ಇವತ್ತೇ ಮುಗಿಯುತ್ತಲ್ಲಮ್ಮ.”

ನಿಂಗವ್ವ ಹೊಸ ಫ್ರಾಕಿನ ತೋಳು ಹಿಡಿದು ಪರ್ರನೆ ಹರಿದಳು. “ಇಷ್ಟು ಸಾಕೇನ್ರಿ? ಇನ್ನೂ ಹರೀಲೇನು?”

ಸಾವಂತ್ರಿ ಬಿಕ್ಕಿ ಬಿಕ್ಕಿ ಅತ್ತಳು. ಮೇಡಂ ಅದನ್ನೇ ವಿಡಿಯೊ ಮಾಡಿ ದಾನಿಗಳಿಗೆ ಕಳಿಸಿದರು. ಐದು ನಿಮಿಷದಲ್ಲಿ ದೀಪ ಹಸಿರಾಯಿತು. ಅದನ್ನು ಕಂಡು ಹುಡುಗಿಯ ಒದ್ದೆ ಮುಖ ಅರಳಿತು.

“ಅಯ್ಯೋ, ಚೆನ್ನಾಗಿದೆ! ಹಾಗೇ ನಗ್ತಾ ಒಂದು ಥ್ಯಾಂಕ್ಸ್ ಹೇಳು ಪುಟ್ಟಿ,” ಎಂದು ಮೇಡಂ ಮತ್ತೆ ಕ್ಯಾಮೆರಾ ಎತ್ತಿದರು.

ನಿಂಗವ್ವ ಅಂಗೈಯಿಂದ ಕ್ಯಾಮೆರಾದ ಕಣ್ಣು ಮುಚ್ಚಿದಳು.

“ಅಳೂದು ಕೊಟ್ಟೀವಲ್ರಿ. ನಗೂದು ನಮ್ಮದು. ಅದನ್ನ ಕೊಡಂಗಿಲ್ಲ.”