ಸಿದ್ದನಿಗೆ ಮುಟ್ಟದ ಸುದ್ದಿ

“ಲೇ ಸಿದ್ದಾ, ಬಾರ್ಲಾ ಮಗ, ಉಣ್ಣೀವಂತೆ!”

ಸತ್ತು ತಿಂಗಳಾಗಿದ್ದ ಕರಿಯಪ್ಪನ ದನಿ ಸ್ಪೀಕರಿನಿಂದ ಬಂದದ್ದೇ ತಡ, ಬೋನಿನ ಮೂಲೆಯಲ್ಲಿ ಬಿದ್ದುಕೊಂಡಿದ್ದ ಚಿರತೆ ಕಿವಿ ನಿಮಿರಿಸಿ ಎದ್ದಿತು. ಹೊರಗೆ ನಿಂತಿದ್ದ ಮಂಗಳಮ್ಮನೂ ಗಕ್ಕನೆ ಹಿಂತಿರುಗಿ ನೋಡಿದಳು. ಗಂಡ ಅಲ್ಲಿರಲಾರನೆಂದು ಅವಳಿಗೆ ಗೊತ್ತಿಲ್ಲವೇ? ಹಾಳು ಕತ್ತು ಕೇಳಬೇಕಲ್ಲ.

ಮದ್ದೂರಿನ ಕಡೆ ಕಬ್ಬು ಕಡಿಯುವಾಗ ಸಿಕ್ಕ ಮರಿ ಅದು. ಮೃಗಾಲಯದಲ್ಲಿ ಬಾಟಲಿ ಹಾಲು ಕುಡಿಸಿ ಸಾಕಿದವನು ಕರಿಯಪ್ಪ. ಪ್ರಾಣಿಗಳ ನೆನಪಿನ ಮೇಲೆ ಸಂಶೋಧನೆ ಮಾಡುತ್ತಿದ್ದ ಗುತ್ತಲಿನ ಹುಡುಗಿ ದೀಪಿಕ, ಅವನು ಬದುಕಿದ್ದಾಗಲೇ ದನಿಯನ್ನು ರೆಕಾರ್ಡ್ ಮಾಡಿಟ್ಟುಕೊಂಡಿದ್ದಳು. ಅದನ್ನು ಹಾಕಲೇ ಎಂದು ಕೇಳಿದಾಗ ಮಂಗಳಮ್ಮ, “ಆಕು. ನಾನೂ ಇರ್ಬೇಕು” ಎಂದು ಕಿರುಗಾವಲಿನಿಂದ ಬಸ್ಸು ಹತ್ತಿ ಬಂದಿದ್ದಳು. ಚಿರತೆಗಿಂತ ಅವಳಿಗೇ ಆ ದನಿ ಬೇಕಾಗಿತ್ತು.

ಸಿದ್ದ ನೆಟ್ಟಗೆ ಕರಿಯಪ್ಪ ಬರುತ್ತಿದ್ದ ಬಾಗಿಲ ಬಳಿ ಹೋಗಿ ಕುಳಿತ. ಈಚೆಗಷ್ಟೇ, ಕರಿಯಪ್ಪನ ಜಾಗಕ್ಕೆ ಬಂದ ಹೊಸಬ ಹಾಕುವ ಮಾಂಸಕ್ಕೆ ಒಗ್ಗಿಕೊಂಡಿದ್ದವನು ಇವತ್ತು ಅದನ್ನು ಮೂಸಿಯೂ ನೋಡಲಿಲ್ಲ.

“ನೋಡಿದ್ರಾ ಅಮ್ಮ? ಮರ್ತಿಲ್ಲ!” ದೀಪಿಕ ಹಿಗ್ಗಿದಳು.

ಮಂಗಳಮ್ಮನಿಗೂ ಹೆಮ್ಮೆಯೇ ಆಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ನೋಡಿದರೆ ಸಿದ್ದ ಮುಂಗಾಲಿನಿಂದ ಬಾಗಿಲು ಕೆರೆಯುತ್ತಿದ್ದ. ಅವಳು ಮುಟ್ಟದೆ ಬಿದ್ದಿದ್ದ ಮಾಂಸದತ್ತ ನೋಡಿದಳು.

“ಉಣ್ಣಾಕಿಲ್ವಾ ಅದು?”

“ಆಮೇಲೆ ತಿನ್ನುತ್ತೆ. ನಾಳೆ ಇನ್ನೊಂದ್ಸಲ ಹಾಕ್ತೀನಮ್ಮ. ಒಂದೇ ಸಲದ ಪರೀಕ್ಷೇನ ಯಾರೂ ಒಪ್ಪಲ್ಲ.”

“ನಾಳೆಗೆ ಅವ್ನು ಎಲ್ಲಿಂದ ಬತ್ತಾನವ್ವ?” ಮಂಗಳಮ್ಮನ ದನಿ ಗಡುಸಾಯಿತು. “ನಮ್ಮಾವ ಸತ್ತಾಗ ಎಣ ತಕ್ಕೊಂಡೋಗಕ್ಕೆ ಮುಂಚೆ ಎತ್ತುಗಳ್ನ ಬಿಚ್ಕೊಂಬಂದು ಮೊಕ ತೋರ್ಸುದ್ರು. ಮೂಸ್ನೋಡುದ್ವು. ಎಲ್ಡು ದಿನ ಸುಮ್ನಿದ್ದು ಆಮೇಲೆ ಮೇವಿಗೆ ಬಾಯಾಕುದ್ವು. ಇದ್ಕೆ ಯಾರೂ ಮೊಕ ತೋರ್ಸ್ನಿಲ್ಲ. ನಾವು ದನಿ ಕೇಳಿಸ್ಬುಟ್ಟೊ ಕಣವ್ವ.”

ದೀಪಿಕ ಸ್ಪೀಕರಿನ ವೈರು ಸುತ್ತತೊಡಗಿದಳು.

ಮಂಗಳಮ್ಮ ಕಂಬಿಯ ಹತ್ತಿರ ಹೋಗಿ ಕೂಗಿದಳು: “ಲೇ ಸಿದ್ದಾ, ಅವ್ನು ಸತ್ತೋದ ಕಣ್ಲಾ. ಮಣ್ಣು ಮಾಡಿ ಬಂದಿವ್ನಿ. ಉಣ್ಣು ಮಗ.”

ಹೆಸರು ಕೇಳಿ ಸಿದ್ದ ಒಮ್ಮೆ ಅವಳತ್ತ ತಿರುಗಿದ. ಮತ್ತೆ ಬಾಗಿಲಿಗೇ ಮುಖ ಮಾಡಿ ಕುಳಿತ.